ಅಪ್ಪನ ವಿಲ್ ಮಾಡಿಸಿದ ವಕೀಲರ ಆಫೀಸು: ನನ್ನ ಕಡೆಯಿಂದ ಐದಕ್ಕೆ ನಾಲ್ಕು

ಮೊದಲೇ ಹೇಳಿಬಿಡುತ್ತೇನೆ, ಆಫೀಸಿನ ಹೆಸರು ಹಾಕುವುದಿಲ್ಲ. ವಕೀಲರು ಜಾಹೀರಾತು ಮಾಡಿಕೊಳ್ಳುವ ಹಾಗಿಲ್ಲ ಅಂತ ಬಾರ್ ಕೌನ್ಸಿಲ್ ನಿಯಮ ಇದೆ. "ನೀವು ಒಳ್ಳೇ ಮಾತು ಬರೆದರೂ ನಾನೇ ಬರೆಸಿದ್ದು ಅಂತಾರಮ್ಮ, ಹೆಸರು ಬೇಡ" ಎಂದರು ವಕೀಲ ಮೇಡಂ. ಸರಿ. ಮೈಸೂರು, ಚಾಮರಾಜಪುರಂ ಕಡೆ, ಮೊದಲನೇ ಮಹಡಿಯಲ್ಲಿ ಎರಡು ರೂಮಿನ ಆಫೀಸು. ಅಷ್ಟು ಸಾಕು. ನಿಮ್ಮೂರಲ್ಲಿ ನೀವು ಇಂಥ ಕೆಲಸಕ್ಕೆ ಯಾರನ್ನಾದರೂ ಹುಡುಕುವಾಗ ಏನು ನೋಡಬೇಕು ಅಂತ ಗೊತ್ತಾದರೆ ನನ್ನ ಬರಹದ ಕೆಲಸ ಮುಗಿಯಿತು.

ಅಪ್ಪನಿಗೆ 76. ಗ್ರಾಮ ಲೆಕ್ಕಿಗರಾಗಿ ಕೆಲಸಕ್ಕೆ ಸೇರಿ ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿ ರಿಟೈರ್ ಆದವರು. ಕಳೆದ ವರ್ಷ ನರರೋಗದ ಡಾಕ್ಟರು ಅಲ್‌ಝೈಮರ್ ಶುರುವಾಗಿದೆ, ಇನ್ನೂ ಆರಂಭದ ಹಂತ ಎಂದರು. ಮಾತ್ರೆ ಬರೆದುಕೊಟ್ಟು, ಚೀಟಿ ಮಡಿಸುವಾಗ ಇನ್ನೊಂದು ಮಾತು ಸೇರಿಸಿದರು. "ಆಸ್ತಿ, ಬ್ಯಾಂಕು, ಸಹಿ ಬೇಕಾಗೋ ಕೆಲಸ ಏನಿದ್ದರೂ ಈಗಲೇ ಮಾಡಿಸಿ. ಹಬ್ಬ ಕಳೀಲಿ, ಮಗ ಊರಿಗೆ ಬರಲಿ ಅಂತ ಕಾಯಬೇಡಿ." ಔಷಧಿಗಿಂತ ಆ ಸಲಹೆಯೇ ದೊಡ್ಡದು ಅಂತ ನನಗೆ ಈಗ ಅನ್ನಿಸುತ್ತದೆ. ಎಷ್ಟೋ ಡಾಕ್ಟರುಗಳು ಇದನ್ನು ಹೇಳುವುದೇ ಇಲ್ಲ.

ವಕೀಲರ ಆಫೀಸಿಗೆ ಹೋಗುವ ಮೊದಲು ಬೇರೆ ಎರಡು ಕಡೆ ನೋಡಿದ್ದೆ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಯಾಕೆ ನಾಲ್ಕು ಸ್ಟಾರ್ ಅಂತ ತಿಳಿಯುವುದಿಲ್ಲ.

ಒಂದು, ಆನ್‌ಲೈನ್ ವಿಲ್. ಮೊಬೈಲಿನಲ್ಲೇ ಫಾರಂ ತುಂಬಿದರೆ ವಿಲ್ ರೆಡಿ, ಕೆಲವು ಸಾವಿರ ರೂಪಾಯಿ. ರಾತ್ರಿ ಊಟ ಆದ ಮೇಲೆ ಕೂತೆ. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. ಆಸ್ತಿ ಹಾಕಿ, ಯಾರಿಗೆ ಎಷ್ಟು ಪರ್ಸೆಂಟ್ ಅಂತ ಹಾಕಿ, ಮುಂದಕ್ಕೆ ಒತ್ತಿ. ಅಪ್ಪ ಪಕ್ಕದ ರೂಮಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಒಂದು ಮಾತೂ ಅವರನ್ನು ಕೇಳದೆ ಅವರ ವಿಲ್ ನನ್ನ ಸ್ಕ್ರೀನ್ ಮೇಲೆ ತಯಾರಾಗಿ ಕೂತಿತ್ತು. ಒಟಿಪಿ ಅವರ ಫೋನಿಗೆ ಬಂತು, ಅವರ ಫೋನು ನನ್ನ ಕೈಯಲ್ಲೇ ಇತ್ತು! ಅಲ್ಲಿಗೆ ನಿಲ್ಲಿಸಿದೆ. ಆರೋಗ್ಯವಾಗಿರುವ, ಸ್ವಂತ ಕೈಯಲ್ಲಿ ಫಾರಂ ತುಂಬುವ 45 ವರ್ಷದವರಿಗೆ ಇದು ಸರಿಯಾಗಬಹುದು. ಮರೆವಿನ ಕಾಯಿಲೆ ಅಂತ ಆಸ್ಪತ್ರೆ ಚೀಟಿ ಇರುವವರಿಗೆ ಇದು ಆಗಿ ಬರುವುದಿಲ್ಲ. ಎರಡು ಸ್ಟಾರ್.

ಇನ್ನೊಂದು, ನೋಂದಣಿ ಕಚೇರಿ ಹತ್ತಿರದ ಪತ್ರ ಬರಹಗಾರರು. ಲೈಸೆನ್ಸ್ ಇರುವವರು, ಹಳಬರು. ಅಪ್ಪನಿಗೆ ಈ ಜಾಗ ತುಂಬಾ ಇಷ್ಟವಾಯಿತು. ಅವರ ಕಾಲದ ಭಾಷೆ ಅಲ್ವಾ. "ನನಗೆ ವಯಸ್ಸಾಗಿರುವುದರಿಂದಲೂ, ಈ ದೇಹವು ಅಸ್ಥಿರವಾದುದೆಂದು ತಿಳಿದಿರುವುದರಿಂದಲೂ, ಯಾರ ಒತ್ತಾಯವೂ ಇಲ್ಲದೆ ಸ್ವಸ್ಥ ಚಿತ್ತದಿಂದ" ಅಂತ ಬರಹಗಾರರು ಕೀಬೋರ್ಡ್ ನೋಡದೆ ಟೈಪ್ ಮಾಡುತ್ತಿದ್ದರೆ ಅಪ್ಪನೂ ಜೊತೆಗೆ ತುಟಿ ಆಡಿಸುತ್ತಿದ್ದರು. ಅರ್ಧ ಗಂಟೆಯಲ್ಲಿ ಕರಡು ಕೈಗೆ ಬಂತು. ಅಪ್ಪ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಸಾಲು ಸಾಲಾಗಿ ಓದಿದರು. ಷೆಡ್ಯೂಲ್ ಹತ್ತಿರ ಬೆರಳು ನಿಂತಿತು.

"ಹಳ್ಳ ಪೂರ್ವಕ್ಕೆ ಅಂತ ಹಾಕಿದ್ದೀರಿ. ಹಳ್ಳ ಪಶ್ಚಿಮಕ್ಕೆ. ಪೂರ್ವಕ್ಕೆ ಬಂಡಿ ಜಾಡು."

ಪಹಣಿ, ಹಳೇ ಕ್ರಯಪತ್ರ ತೆಗೆದು ನೋಡಿದರೆ ಅಪ್ಪ ಹೇಳಿದ್ದೇ ಸರಿ. ಚೆಕ್ಕುಬಂದಿ ಅದಲುಬದಲಾಗಿತ್ತು. ಬೆಳಗ್ಗೆ ತಿಂಡಿ ತಿಂದೆನೋ ಇಲ್ಲವೋ ಅಂತ ಅಮ್ಮನನ್ನು ಕೇಳಿದ್ದ ಮನುಷ್ಯ ನಾಲ್ಕೂ ದಿಕ್ಕು ಬಾಯಲ್ಲೇ ಹೇಳಿದರು. ಬರಹಗಾರರು "ನಿಮ್ಮ ತಂದೆಯವರಿಗೆ ಏನಮ್ಮ ಕಾಯಿಲೆ, ನನಗಿಂತ ಚೆನ್ನಾಗಿದ್ದಾರೆ" ಎಂದು ನಕ್ಕರು.

ಆದರೆ ಅವರು ಕೊಟ್ಟ ಇನ್ನೊಂದು ಸಲಹೆ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿತು. "ವಿಲ್ ಜೊತೆಗೆ ನಿಮ್ಮ ಹೆಸರಿಗೆ ಒಂದು ಜಿಪಿಎ ಮಾಡಿಸಿಕೊಂಡುಬಿಡಿ. ಮುಂದೆ ಅವರಿಗೆ ಪೂರ್ತಿ ಮರೆತು ಹೋದರೂ ನೀವೇ ಎಲ್ಲಾ ನಡೆಸಬಹುದು." ಜಿಪಿಎ ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ನಮ್ಮ ಪರವಾಗಿ ವ್ಯವಹಾರ ನಡೆಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ. ಕೇಳುವುದಕ್ಕೆ ಎಷ್ಟು ಸಲೀಸು! ನನ್ನ ಚಿಕ್ಕಪ್ಪನ ಮಗಳು ಅಮೆರಿಕದಿಂದ ಫೋನಿನಲ್ಲಿ ಹೇಳಿದ್ದೂ ಇದನ್ನೇ. ಅವಳ ಅತ್ತೆಗೆ ಅಲ್ಲಿ ಹಾಗೇ ಮಾಡಿಸಿದ್ದರಂತೆ. ಇಷ್ಟು ಸುಲಭವಾದರೆ ಜನ ಯಾಕೆ ಕಷ್ಟಪಡುತ್ತಾರೆ ಅಂತ ಅನುಮಾನ ಬಂದು, ಸಹಿ ಹಾಕಿಸದೆ, ಕರಡಿನ ದುಡ್ಡು ಕೊಟ್ಟು ಎದ್ದು ಬಂದೆವು. ಕ್ರಯಪತ್ರ, ಭೋಗ್ಯಪತ್ರ ಬರೆಸುವುದಿದ್ದರೆ ನಾನು ಈಗಲೂ ಅಲ್ಲಿಗೇ ಹೋಗುತ್ತೇನೆ. ಈ ಕೆಲಸಕ್ಕೆ ಮೂರು ಸ್ಟಾರ್.

ಇನ್ನು ಮೇಡಂ ಆಫೀಸು.

ಮೆಟ್ಟಿಲು ಕಡಿದು, ಲಿಫ್ಟ್ ಇಲ್ಲ. ಹೊರಗಿನ ರೂಮಿನಲ್ಲಿ ಎರಡೇ ಕುರ್ಚಿ, ಒಂದರ ಮೇಲೆ ಫೈಲು. ನಾನು ಕಾಗದಗಳ ಚೀಲ ಮಡಿಲಲ್ಲಿಟ್ಟುಕೊಂಡು ಶುರು ಮಾಡಿದೆ, ಅಪ್ಪನಿಗೆ ಹೀಗೆ ಹೀಗೆ, ಮನೆ ಇಷ್ಟು, ಜಮೀನು ಇಷ್ಟು, ಅಂತ. ಮೇಡಂ ಕೈ ಎತ್ತಿ ತಡೆದರು. ಅಪ್ಪನ ಕಡೆ ತಿರುಗಿ "ಸರ್, ನೀವು ಯಾಕೆ ಬಂದಿದ್ದೀರಿ? ನಿಮ್ಮ ಬಾಯಲ್ಲೇ ಹೇಳಿ" ಎಂದರು. ಅಪ್ಪ "ವಿಲ್ ಬರೆಸೋಕೆ" ಎಂದರು. "ಹಾಗಾದರೆ ಕ್ಲೈಂಟು ನೀವು. ಮಗಳು ಸ್ವಲ್ಪ ಹೊರಗೆ ಕೂತಿರಲಿ" ಎಂದು ನನ್ನನ್ನು ಎಬ್ಬಿಸಿಯೇಬಿಟ್ಟರು. ಮೊದಲ ಐದು ನಿಮಿಷದಲ್ಲಿ! ಕಾರು ಓಡಿಸಿಕೊಂಡು ಬಂದವಳು ನಾನು, ದುಡ್ಡು ಕೊಡುವವಳು ನಾನು, ಹೊರಗೆ ಫೈಲಿನ ಪಕ್ಕ ಕೂತಿರುವವಳೂ ನಾನೇ. ಸಿಟ್ಟು ಬಂತು, ಸುಳ್ಳು ಹೇಳಲ್ಲ.

ಕಾರಣ ಆಮೇಲೆ ತಿಳಿಯಿತು. ವಿಲ್ ಮೇಲೆ ತಕರಾರು ಬಂದಾಗ ಕೋರ್ಟು ಮೊದಲು ನೋಡುವುದು ಇದನ್ನೇ. ಆಸ್ತಿ ಯಾರಿಗೆ ಬರುತ್ತದೋ ಅವರೇ ಮುಂದೆ ನಿಂತು ಬರೆಸಿದ್ದಾರಾ? ಬರೆದವರಿಗೆ ಕಾಯಿಲೆ ಇತ್ತಾ? ಸಹಿ ನಡುಗಿದೆಯಾ? ಮನೆಯವರಲ್ಲಿ ಯಾರನ್ನಾದರೂ ಕಾರಣವಿಲ್ಲದೆ ಬಿಟ್ಟಿದ್ದಾರಾ? ಇಂಥ ಅನುಮಾನಗಳನ್ನು ವಿಲ್ ತಂದವರೇ ತೊಡೆದುಹಾಕಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ ಹಳೇ ಕೇಸು ಒಂದಿದೆ, ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಜಮ್ಮ ಅವರದು, ಎಐಆರ್ ಎಂಬ ತೀರ್ಪುಗಳ ವರದಿಯ 1959ರ ಸಂಪುಟದಲ್ಲಿ ಅಚ್ಚಾಗಿದೆ. ಮೈಸೂರು ಹೈಕೋರ್ಟಿನಿಂದ ಹೋದ ಅಪೀಲು ಅದು. ಇವತ್ತಿಗೂ ದೇಶದ ಎಲ್ಲಾ ಕೋರ್ಟುಗಳಲ್ಲಿ ವಿಲ್ ಜಗಳ ಬಂದರೆ ಅದರ ಹೆಸರು ಬರುತ್ತದೆ ಎಂದರು ಮೇಡಂ, ಸ್ವಲ್ಪ ಹೆಮ್ಮೆಯಿಂದಲೇ. "ನಿಮ್ಮ ಅಣ್ಣ ಪುಣೆಯಲ್ಲಿದ್ದಾರೆ. ನೀವು ಇಲ್ಲಿ ಅಪ್ಪನ ಜೊತೆ ಇದ್ದೀರಿ. ನಾಳೆ ಏನಾದರೂ ಎಡವಟ್ಟಾದರೆ ಬೆರಳು ನಿಮ್ಮ ಕಡೆಗೇ ತೋರಿಸ್ತಾರೆ. ಅದಕ್ಕೇ ನಿಮ್ಮನ್ನ ಹೊರಗೆ ಕಳಿಸಿದ್ದು." ಸಿಟ್ಟು ಅಲ್ಲಿಗೆ ಇಳಿಯಿತು.

ಚೆಕ್ಕುಬಂದಿ ಕಥೆಯನ್ನು ನಾನು ಉತ್ಸಾಹದಿಂದ ಹೇಳಿದೆ. ಅವರು ಅಷ್ಟಾಗಿ ಮೆಚ್ಚಲಿಲ್ಲ. ಹಳೇ ನೆನಪು ಈ ಕಾಯಿಲೆಯಲ್ಲಿ ಹೊಸದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ, ಅದನ್ನು ನಂಬಿ ಕೂರುವ ಹಾಗಿಲ್ಲ ಎಂದರು. ಅವರಿಗೆ ಬೇಕಿದ್ದದ್ದು ಇವತ್ತಿನ ವಿಷಯ. ನಿಮ್ಮ ಹೆಸರಿನಲ್ಲಿ ಈಗ ಏನೇನಿದೆ? ಮನೆಯಲ್ಲಿ ಯಾರ್ಯಾರಿದ್ದಾರೆ? ಯಾರಿಗೆ ಏನು ಕೊಡಬೇಕು ಅಂತಿದ್ದೀರಿ, ಯಾಕೆ? ಹೀಗೆ ಕೊಟ್ಟರೆ ಯಾರಿಗೆ ಬೇಜಾರಾಗಬಹುದು? ಇದನ್ನೇ ಬೇರೆ ದಿನ ಮತ್ತೆ ಕೇಳಿದರು, ಉತ್ತರ ಬದಲಾಗುತ್ತದಾ ಅಂತ ನೋಡಲು. ಬದಲಾಗಲಿಲ್ಲ. "ಯಾಕೆ" ಎಂಬ ಪ್ರಶ್ನೆಗೆ ಅಪ್ಪ ಕೊಟ್ಟ ಉತ್ತರ ಏನು ಅಂತ ನನಗೆ ಈಗಲೂ ಗೊತ್ತಿಲ್ಲ. ನಾನೂ ಕೇಳಿಲ್ಲ.

ಮರೆವಿನ ಕಾಯಿಲೆ ಬಂದ ಮಾತ್ರಕ್ಕೆ ವಿಲ್ ಬರೆಯುವ ಹಕ್ಕು ಹೋಗುವುದಿಲ್ಲ. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 59ನೇ ಸೆಕ್ಷನ್ ಪ್ರಕಾರ, ಬರೆಯುವ ಹೊತ್ತಿಗೆ ಬುದ್ಧಿ ಸ್ಥಿಮಿತದಲ್ಲಿರಬೇಕು, ತಾನು ಏನು ಮಾಡುತ್ತಿದ್ದೇನೆ ಅಂತ ತಿಳಿದಿರಬೇಕು. ಆಸ್ಪತ್ರೆಯಲ್ಲಿ 30 ಮಾರ್ಕಿನ ಒಂದು ಪರೀಕ್ಷೆ ಮಾಡುತ್ತಾರಲ್ಲ, ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆಯಿರಿ ಅಂತ, ಅದರಲ್ಲಿ ಅಪ್ಪನಿಗೆ ಮಾರ್ಕ್ಸ್ ಕಡಿಮೆಯೇ. ಆ ಮಾರ್ಕ್ಸ್ ಬೇರೆ, ವಿಲ್ ಬರೆಯುವ ಶಕ್ತಿ ಬೇರೆ. ವಿಲ್ ಬರೆಯುವಷ್ಟು ಬುದ್ಧಿ ಸ್ಥಿಮಿತದಲ್ಲಿದೆ ಅಂತ ಡಾಕ್ಟರೇ ಒಂದು ಪತ್ರ ಕೊಡಬೇಕು, ಅದರ ಮೇಲೆ ಸಹಿ ಮಾಡುವ ದಿನದ್ದೇ ತಾರೀಖು ಇರಬೇಕು ಅಂತ ಮೇಡಂ ಹಟ ಹಿಡಿದರು. ಸಹಿಯ ಹೊತ್ತನ್ನೂ ಅವರೇ ಆರಿಸಿದ್ದು. ಬೆಳಗ್ಗೆ ತಿಂಡಿ, ಮಾತ್ರೆ ಆದ ಮೇಲೆ, 10 ಗಂಟೆಗೆ. ಅಪ್ಪನಿಗೆ ಸಂಜೆ ಆಗುತ್ತಿದ್ದಂತೆ ಗೊಂದಲ ಜಾಸ್ತಿ. ನಾನು ಇದನ್ನು ಅವರಿಗೆ ಹೇಳಿರಲಿಲ್ಲ, ಅವರೇ ಕೇಳಿ ತಿಳಿದುಕೊಂಡರು.

ಸಾಕ್ಷಿಗಳ ವಿಷಯಕ್ಕೆ ಬರುತ್ತೇನೆ, ಇಲ್ಲಿ ಜನ ತುಂಬಾ ಹಗುರವಾಗಿ ನಡೆದುಕೊಳ್ಳುತ್ತಾರೆ. ನೋಂದಣಿ ಕಚೇರಿ ಹೊರಗೆ ಸಿಕ್ಕ ಯಾರನ್ನೋ ಕರೆದು ಸಹಿ ಹಾಕಿಸಿ ಕಾಫಿ ಕುಡಿಸಿ ಕಳಿಸುವುದು ನೋಡಿದ್ದೇನೆ. 63ನೇ ಸೆಕ್ಷನ್ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು, ಬರೆದವರ ಸಹಿಯನ್ನು ಅವರು ಕಣ್ಣಾರೆ ನೋಡಿರಬೇಕು ಅಥವಾ "ಇದು ನನ್ನ ಸಹಿ" ಅಂತ ಅವರ ಬಾಯಿಂದಲೇ ಕೇಳಿರಬೇಕು, ಅವರೆದುರೇ ತಾವೂ ಸಹಿ ಹಾಕಬೇಕು. ಮುಂದೆ ಕೋರ್ಟಿಗೆ ಹೋದರೆ ಇಬ್ಬರಲ್ಲಿ ಒಬ್ಬರಾದರೂ ಬಂದು ಹೇಳಬೇಕು. ಹಾಗಾಗಿ ಅಪ್ಪ ತಮ್ಮ ವಾಕಿಂಗ್ ಗೆಳೆಯರ ಹೆಸರು ಹೇಳಿದಾಗ ಮೇಡಂ "ಅವರ ವಯಸ್ಸೆಷ್ಟು ಸರ್?" ಎಂದರು. 78. "ಬೇಡ" ಎಂದರು, ನಗುತ್ತಲೇ. ಕೊನೆಗೆ ಒಬ್ಬರು ನಮ್ಮ ಬಡಾವಣೆಯ ಫ್ಯಾಮಿಲಿ ಡಾಕ್ಟರು, ಇನ್ನೊಬ್ಬರು ಅಪ್ಪನ ಕೈಕೆಳಗೆ ಕೆಲಸ ಕಲಿತ ಅಧಿಕಾರಿ, ಐವತ್ತರ ಆಸುಪಾಸು. ನೆಂಟರು ಯಾರೂ ಇಲ್ಲ.

ಒಳಗಿನ ಮಾತುಕತೆಯಲ್ಲಿ ಒಂದನ್ನು ಅಪ್ಪ ತಾವಾಗೇ ಮನೆಗೆ ಬಂದು ಹೇಳಿದರು. ಪತ್ರ ಬರಹಗಾರರ ಕರಡಿನಲ್ಲಿ, ಮನೆ ಅಮ್ಮನಿಗೆ "ಜೀವಿತಾವಧಿಯವರೆಗೆ ಅನುಭವಿಸಿಕೊಂಡು ಬರತಕ್ಕದ್ದು", ಆಮೇಲೆ ಮಕ್ಕಳಿಗೆ ಅಂತ ಇತ್ತು. ಎಲ್ಲರೂ ಹಾಗೇ ಬರೆಸುತ್ತಾರೆ. ಮೇಡಂ ಕೇಳಿದರಂತೆ: "ನಾಳೆ ನಿಮ್ಮ ಯಜಮಾನ್ತಿಗೆ ಆಪರೇಷನ್ ಆಗಬೇಕು, ಮನೆ ಮಾರಬೇಕು ಅಂತ ಬಂದರೆ, ಅವರು ಮಕ್ಕಳ ಮುಂದೆ ಕೈಯೊಡ್ಡಬೇಕು. ಅದು ನಿಮಗೆ ಒಪ್ಪಿಗೆನಾ?" ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ ಆ ಸಾಲು ಹೊಡೆಸಿ ಮನೆಯನ್ನು ಪೂರ್ತಿಯಾಗಿ ಅಮ್ಮನ ಹೆಸರಿಗೇ ಬರೆಸಿದರು. "ನಲವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಅನುಭೋಗದ ಹಕ್ಕು ಕೊಡೋದೇನು, ಅವಳೇನು ಗೇಣಿದಾರಳಾ?" ಅಂತ ಅಪ್ಪ ಊಟಕ್ಕೆ ಕೂತು ಹೇಳಿದರು. ಅಮ್ಮ ಹುಳಿ ಬಡಿಸುತ್ತಿದ್ದವರು ಏನೂ ಮಾತಾಡಲಿಲ್ಲ, ಇನ್ನೊಂದು ಸೌಟು ಜಾಸ್ತಿ ಹಾಕಿದರು. ಅಮ್ಮನ ವಿಲ್ಲನ್ನೂ ಅದೇ ವಾರ ಬರೆಸಿದ್ದಾಯಿತು, ಅದನ್ನೂ ಮೇಡಂ ಅಮ್ಮನೊಬ್ಬರನ್ನೇ ಕೂರಿಸಿಕೊಂಡು ಕೇಳಿದರು.

ಜಮೀನಿನ ವಿಷಯದಲ್ಲಿ ಅಪ್ಪನಿಗೂ ಮೇಡಂಗೂ ಸ್ವಲ್ಪ ಜಟಾಪಟಿ ನಡೆಯಿತು. ನಂಜನಗೂಡು ತಾಲ್ಲೂಕಿನಲ್ಲಿ ತಾತನಿಂದ ಬಂದ ಜಮೀನು ಇದೆ. ಖಾತೆ ಅಪ್ಪನ ಹೆಸರಿನಲ್ಲಿದೆ, ಹಾಗಾಗಿ ಪೂರ್ತಿ ತಮ್ಮದೇ ಅಂತ ಅಪ್ಪನ ವಾದ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿಗೆ ಮಾತ್ರ ವಿಲ್ ಬರೆಯಬಹುದು, ಮಗನಿಗೂ ಮಗಳಿಗೂ ಹುಟ್ಟಿನಿಂದಲೇ ಪಾಲು ಇದೆ ಅಂತ ಮೇಡಂ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, 2020ರಲ್ಲಿ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ಕೇಸಿನ ತೀರ್ಪು ಎಲ್ಲಾ ಹೇಳಿದರು. ಅಪ್ಪ "ನಮ್ಮ ಸರ್ವೀಸಿನಲ್ಲಿ ಹೀಗಿರಲಿಲ್ಲ" ಅಂತ ಗೊಣಗಿ, ಒಪ್ಪಿದರು. ಬರಿ ಖಾತೆ ನೋಡಿ ಮಾಲೀಕ ಅಂತ ತೀರ್ಮಾನ ಮಾಡಬಾರದು ಅಂತ ಅವರೇ ಎಷ್ಟು ಜನರಿಗೆ ಬುದ್ಧಿ ಹೇಳಿರಬಹುದು!

ಈಗ ಆ ಜಿಪಿಎ. ಕರಾರು ಕಾಯ್ದೆ, 1872ರ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರವೂ ಮುಗಿಯಿತು. ಅಂದರೆ ಯಾವ ದಿನಕ್ಕೆ ಬೇಕು ಅಂತ ಮಾಡಿಸಿಕೊಳ್ಳುತ್ತೇವೋ ಆ ದಿನವೇ ಅದು ಕೆಲಸಕ್ಕೆ ಬಾರದ ಕಾಗದ. ಅಮೆರಿಕ, ಇಂಗ್ಲೆಂಡಿನಲ್ಲಿ ಕಾಯಿಲೆ ಬಂದ ಮೇಲೂ ಉಳಿಯುವಂಥ ಪವರ್ ಆಫ್ ಅಟಾರ್ನಿಗೆ ಬೇರೆ ಕಾನೂನು ಇದೆ, ನಮ್ಮಲ್ಲಿ ಇಲ್ಲ. ಚಿಕ್ಕಪ್ಪನ ಮಗಳಿಗೆ ಇದನ್ನು ಹೇಳಿದಾಗ ನಂಬಲೇ ಇಲ್ಲ. ಜಿಪಿಎ ಇಟ್ಟುಕೊಂಡು, ಅಪ್ಪನಿಗೆ ಯಾರ ಗುರುತೂ ಸಿಗದ ಕಾಲದಲ್ಲಿ ಸೈಟು ಮಾರಿದವರ ಕೇಸುಗಳು ಕೋರ್ಟಿನಲ್ಲಿ ಬೇಕಾದಷ್ಟಿವೆಯಂತೆ. ಆ ಹಂತ ಬಂದ ಮೇಲೆ ಮನೆಯವರಿಗೆ ಇರುವ ದಾರಿ ಹೈಕೋರ್ಟಿಗೆ ಹೋಗಿ, ಡಾಕ್ಟರುಗಳ ವರದಿ ಇಟ್ಟು, ತಮ್ಮನ್ನು ಪಾಲಕರಾಗಿ ನೇಮಿಸಿ ಅಂತ ಕೇಳುವುದು. ಖರ್ಚು, ಓಡಾಟ ಎರಡೂ ಇದೆ.

ಅದಕ್ಕೆ ಬದಲಾಗಿ ಮೇಡಂ ಅಪ್ಪನನ್ನು ಬ್ಯಾಂಕಿಗೆ ಓಡಿಸಿದರು. ಪಿಂಚಣಿ ಖಾತೆಗೆ ಅಮ್ಮನ ಹೆಸರು ಸೇರಿಸಿ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು ಅಂತ ಮಾಡಿಸಿ. ಎಫ್‌ಡಿಗಳಿಗೂ ಹಾಗೇ. ಲಾಕರಿಗೂ ಹಾಗೇ. ನಾಮಿನಿ ಹೆಸರು ಖಾಲಿ ಇರುವ ಕಡೆ ತುಂಬಿಸಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ಆದರೆ ನಾಮಿನಿ ಅಂದರೆ ಮಾಲೀಕರಲ್ಲ, ಬ್ಯಾಂಕಿನಿಂದ ದುಡ್ಡು ಪಡೆದು ವಾರಸುದಾರರಿಗೆ ಕೊಡಬೇಕಾದವರು, ಅಷ್ಟೇ. ಸಹಿ ನಡುಗಿ ಚೆಕ್ಕು ವಾಪಸ್ ಬರುವ ಕಾಲಕ್ಕೆ ಹೆಬ್ಬೆಟ್ಟಿನಲ್ಲೂ ಹಣ ತೆಗೆಯುವ ವ್ಯವಸ್ಥೆ ಇದೆ, ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಇದಕ್ಕೆಲ್ಲ ವಕೀಲರ ಫೀಸೇ ಬೇಕಿಲ್ಲ. ಆದರೂ ಅವರು ಬಿಳಿ ಹಾಳೆಯಲ್ಲಿ ಕೈಯಲ್ಲೇ ಬರೆದುಕೊಟ್ಟರು. ಆ ಹಾಳೆ ಈಗಲೂ ನಮ್ಮ ಫ್ರಿಜ್ ಮೇಲೆ ಅಂಟಿದೆ.

ಅಣ್ಣನದು ಬೇರೆ ಯೋಚನೆ ಇತ್ತು. ವಿಲ್ ಯಾಕೆ, ಈಗಲೇ ದಾನಪತ್ರ ಮಾಡಿಬಿಡಲಿ, ಮುಂದೆ ರಗಳೆಯೇ ಇರಲ್ಲ ಅಂತ. ಮೇಡಂ ವಿಡಿಯೋ ಕಾಲಿನಲ್ಲಿ ಅವನಿಗೆ ಹೇಳಿದ ಮಾತು ಚಿಕ್ಕದು: ವಿಲ್ಲನ್ನು ಅಪ್ಪ ಬುದ್ಧಿ ನೆಟ್ಟಗಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ದಾನಪತ್ರ ಕೊಟ್ಟರೆ ಮನೆ ಇವತ್ತೇ ಕೈಬಿಟ್ಟು ಹೋಯಿತು. ಅಪ್ಪ ಅಮ್ಮನನ್ನು ನೋಡಿಕೊಳ್ಳಬೇಕು ಅಂತ ಷರತ್ತು ಹಾಕಿ ಕೊಟ್ಟಿದ್ದರೆ, ನೋಡಿಕೊಳ್ಳದಿದ್ದಾಗ ಅದನ್ನು ರದ್ದು ಮಾಡಿಸುವ ದಾರಿ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿದೆ. ಆದರೆ ಮರೆವು ಮುಂದುವರಿದ ಮೇಲೆ ಅರ್ಜಿ ಹಿಡಿದು ಅಸಿಸ್ಟೆಂಟ್ ಕಮಿಷನರ್ ಕಚೇರಿಗೆ ಹೋಗುವವರು ಯಾರು? ಅಣ್ಣ ಸುಮ್ಮನಾದ. ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಬೇಗ ಮುಗಿಯಲಿ ಅಂತಷ್ಟೇ.

ವಿಲ್ಲಿಗೆ ಸ್ಟಾಂಪ್ ಡ್ಯೂಟಿ ಇಲ್ಲ. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ. ನೋಂದಣಿಯೂ ಕಡ್ಡಾಯವಲ್ಲ. ಆದರೂ ಮಾಡಿಸಿ ಎಂದರು ಮೇಡಂ. ಅಪ್ಪನಂಥ ಸ್ಥಿತಿಯಲ್ಲಿ ಸರ್ಕಾರಿ ಅಧಿಕಾರಿಯೊಬ್ಬರು ಮುಖ ನೋಡಿ ಮಾತಾಡಿಸಿದರು ಎಂಬ ದಾಖಲೆ ಒಂದು ಹೆಚ್ಚಿನ ಬಲ. ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಮೇಡಂ ಅವರ ಜೂನಿಯರ್ ಹುಡುಗಿ ಅಪ್ಲಿಕೇಶನ್ ಹಾಕಿ ಸ್ಲಾಟ್ ಹಿಡಿದಳು. ಫೋಟೋ, ಹೆಬ್ಬೆಟ್ಟು ಆದ ಮೇಲೆ ಸಬ್ ರಿಜಿಸ್ಟ್ರಾರ್ "ಇದು ನೀವೇ ಇಷ್ಟಪಟ್ಟು ಬರೆಸಿದ್ದಾ? ಯಾರಾದರೂ ಬಲವಂತ ಮಾಡಿದರಾ?" ಎಂದು ಕೇಳಿದರು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತರು. "ನಾನು ರೆವಿನ್ಯೂದವನು ಸ್ವಾಮಿ. ನನಗೆ ಯಾರ್ರೀ ಬಲವಂತ ಮಾಡೋದು?" ಹಿಂದಿನ ಸಾಲಿನಲ್ಲಿ ಕೂತಿದ್ದವರೆಲ್ಲ ನಕ್ಕರು. ಹಾಸಿಗೆ ಹಿಡಿದವರಿದ್ದರೆ ಸಬ್ ರಿಜಿಸ್ಟ್ರಾರ್ ಅವರೇ ಮನೆಗೆ ಬಂದು ನೋಂದಣಿ ಮಾಡುವುದಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ಅರ್ಜಿ ಕೊಟ್ಟು, ಅದರ ಫೀಸು ಕಟ್ಟಬೇಕು. ಇದು ಗೊತ್ತಿಲ್ಲದೆ ಅಜ್ಜಂದಿರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬರುತ್ತಾರೆ, ಪಾಪ.

ಇನ್ನು ಲಿವಿಂಗ್ ವಿಲ್. ಆಸ್ತಿಗೂ ಇದಕ್ಕೂ ಸಂಬಂಧ ಇಲ್ಲ. ಗುಣವಾಗುವ ಆಸೆಯೇ ಇಲ್ಲದ ಸ್ಥಿತಿ ಬಂದು, ನನಗೆ ಹೇಳಲು ಆಗದಿದ್ದಾಗ, ವೆಂಟಿಲೇಟರ್, ಟ್ಯೂಬು ಇವುಗಳಲ್ಲಿ ಏನು ಬೇಕು ಏನು ಬೇಡ ಅಂತ ಮೊದಲೇ ಬರೆದಿಡುವುದು. ಇಂಜೆಕ್ಷನ್ ಕೊಟ್ಟು ಮುಗಿಸುವ ವಿಷಯ ಅಲ್ಲ, ಅದಕ್ಕೆ ನಮ್ಮ ಕಾನೂನಿನಲ್ಲಿ ಜಾಗವೇ ಇಲ್ಲ. ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಕಾಮನ್ ಕಾಸ್ ಕೇಸಿನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು, ಆದರೆ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ಹಾಗಾಗಿ ಹೆಚ್ಚು ಜನ ಮಾಡಿಸಲಿಲ್ಲ. 2023ರ ಜನವರಿಯಲ್ಲಿ ಅದನ್ನು ಸಡಿಲ ಮಾಡಿ, ಇಬ್ಬರು ಸಾಕ್ಷಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಎಂದಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಆಸ್ಪತ್ರೆಗಳಿಗೆ ಸುತ್ತೋಲೆ ಹೊರಡಿಸಿತು. ಬರೆದಿಟ್ಟಿದ್ದರೂ ಚಿಕಿತ್ಸೆ ನಿಲ್ಲಿಸುವ ಮುಂಚೆ ಡಾಕ್ಟರುಗಳ ಎರಡು ಬೋರ್ಡು ಒಪ್ಪಬೇಕು, ಮನೆಯವರೂ ಒಪ್ಪಬೇಕು.

ಈ ಮಾತು ತೆಗೆಯುವುದು ಹೇಗೆ ಅಂತ ನನಗೆ ನಿದ್ದೆ ಬಂದಿರಲಿಲ್ಲ. ಮೇಡಂ ಅಪ್ಪನ ಹತ್ತಿರ ನೇರವಾಗಿ ಮಾತಾಡಿದರು, ಈ ಸಲ ಅಮ್ಮ, ನಾನು ಇಬ್ಬರೂ ಒಳಗಿದ್ದೆವು. ಅಪ್ಪನಿಗೆ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಅವರ ಅಣ್ಣ, ನಮ್ಮ ದೊಡ್ಡಪ್ಪ, ತಿಂಗಳುಗಟ್ಟಲೆ ಐಸಿಯುನಲ್ಲಿ ಇದ್ದದ್ದನ್ನು ನೋಡಿದ್ದಾರೆ. "ನೋವಿಗೆ ಔಷಧಿ ಕೊಡಿ. ಬಾಯಿಗೆ ನೀರು ಬಿಡಿ. ಮೂಗಿಗೆ ಪೈಪು ಬೇಡ. ನನ್ನನ್ನ ಮನೆಗೆ ಕರ್ಕೊಂಡು ಹೋಗಿ." ಜೂನಿಯರ್ ಅದನ್ನು ಹಾಗೇ ಟೈಪ್ ಮಾಡಿದಳು, ಆಮೇಲೆ ಮೇಡಂ ಕಾನೂನಿನ ಭಾಷೆ ಸೇರಿಸಿದರು, ಆದರೆ ಆ ನಾಲ್ಕು ಸಾಲು ಅಪ್ಪನ ಮಾತಿನಲ್ಲೇ ಉಳಿಯಿತು. ನಿರ್ಧಾರ ಹೇಳುವವರು ಅಂತ ಅಮ್ಮನ ಹೆಸರು, ಅಣ್ಣನ ಮತ್ತು ನನ್ನ ಹೆಸರು ಹಾಕಿದೆವು. ಒಂದು ಪ್ರತಿ ಫ್ಯಾಮಿಲಿ ಡಾಕ್ಟರ ಹತ್ತಿರ ಇದೆ. ಸ್ಥಳೀಯ ಸಂಸ್ಥೆಯ ಅಧಿಕಾರಿಗೂ ಒಂದು ಪ್ರತಿ ಕೊಡಬೇಕು ಅಂತ ತೀರ್ಪಿನಲ್ಲಿದೆ. ಒಂದು ಕಚೇರಿಗೆ ಹೋದೆ. ಅಲ್ಲಿನವರು ಓದಿ, ಇದನ್ನು ಜನನ-ಮರಣ ವಿಭಾಗದಲ್ಲಿ ಕೇಳಿ ಎಂದರು. ಅಲ್ಲಿ "ತೀರಿಕೊಂಡ ಮೇಲೆ ಬನ್ನಿ" ಎಂದರು. ನಕ್ಕುಬಿಟ್ಟೆ, ಇನ್ನೇನು ಮಾಡಲಿ. ಕೊನೆಗೆ ಟಪಾಲಿಗೆ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದೆ.

ಫೀಸು: ಎರಡು ವಿಲ್, ಎರಡು ಲಿವಿಂಗ್ ವಿಲ್ ಸೇರಿ 18,000 ರೂಪಾಯಿ. ನೋಟರಿ, ನೋಂದಣಿ ಫೀಸು ಬೇರೆ, ಅದು ದೊಡ್ಡ ಮೊತ್ತವಲ್ಲ. ಪತ್ರ ಬರಹಗಾರರಿಗೆ ಹೋಲಿಸಿದರೆ ಜಾಸ್ತಿಯೇ. ಆದರೆ ಅವರು ಅಪ್ಪನ ಜೊತೆ ಕೂತ ಸಮಯ ನೋಡಿದರೆ ನನಗೆ ಅನ್ಯಾಯ ಅನ್ನಿಸಲಿಲ್ಲ.

ಒಂದು ಸ್ಟಾರ್ ಯಾಕೆ ಕಡಿಮೆ? ಮೊದಲನೆಯದು ಆ ಮೆಟ್ಟಿಲು. ವಯಸ್ಸಾದವರ ಕೆಲಸವನ್ನೇ ಹೆಚ್ಚಾಗಿ ಮಾಡುವವರು ಕೆಳಗೆ ಆಫೀಸು ಮಾಡಬಾರದೇ? ಅಮ್ಮನಿಗೆ ಮಂಡಿ ನೋವು, ಪ್ರತಿ ಸಲ ಮಧ್ಯದಲ್ಲಿ ನಿಂತು ಹತ್ತಬೇಕಾಯಿತು. ಕೇಳಿದರೆ ಮನೆಗೂ ಬರುತ್ತಾರಂತೆ, ಅದನ್ನು ಮೊದಲೇ ಹೇಳಬೇಕಿತ್ತು ಅಲ್ವಾ. ಫೋನು ಹಗಲಲ್ಲಿ ಎತ್ತುವುದೇ ಇಲ್ಲ, ರಾತ್ರಿ ಎಂಟರ ಮೇಲೆ ಅವರೇ ವಾಪಸ್ ಮಾಡುತ್ತಾರೆ, ಆಗ ಅಪ್ಪ ಮಲಗಿರುತ್ತಾರೆ. ಕರಡಿನಲ್ಲಿ ಕನ್ನಡದ ತಪ್ಪುಗಳು ಜಾಸ್ತಿ. ಪಹಣಿಯಲ್ಲಿ ಅಪ್ಪನ ಹೆಸರಿಗೆ ಒತ್ತಕ್ಷರ ಇದೆ, ಆಧಾರ್‌ನಲ್ಲಿ ಇಲ್ಲ. ಎರಡನ್ನೂ "ಉರುಫ್" ಅಂತ ಹಾಕಿ ಅಂದರೆ, ಜೂನಿಯರ್ ಎರಡೂ ಕಡೆ ಮೂರನೇ ಥರ ಬರೆದಿದ್ದಳು. ಅಪ್ಪನೇ ಕೆಂಪು ಪೆನ್ನು ಕೇಳಿ ತಿದ್ದಿದರು. ಒಂದು ಒಳ್ಳೆಯದನ್ನೂ ಹೇಳುತ್ತೇನೆ, ಅಕ್ಷರ ಸಣ್ಣದಾಯಿತು ಎಂದ ಕೂಡಲೇ ದೊಡ್ಡ ಅಕ್ಷರದಲ್ಲಿ ಮತ್ತೆ ಪ್ರಿಂಟ್ ತೆಗೆದುಕೊಟ್ಟರು, ಪುಟ ಜಾಸ್ತಿಯಾದರೂ ಕೂಡ.

ಹೋಗುವವರಿಗೆ: ಮನೆಯ ಕ್ರಯಪತ್ರ, ಇ-ಖಾತಾ, ಇಸಿ (ಋಣಭಾರ ಪತ್ರ), ಪಹಣಿ, ಪಾಸ್‌ಬುಕ್ಕು, ಆಧಾರ್, ಪ್ಯಾನ್ ಎಲ್ಲದರ ಜೆರಾಕ್ಸ್ ಎರಡು ಸೆಟ್ ಇಟ್ಟುಕೊಳ್ಳಿ. ಮೂಲ ಪತ್ರ ತೋರಿಸಿ ವಾಪಸ್ ತನ್ನಿ, ಎಲ್ಲೂ ಬಿಟ್ಟು ಬರಬೇಡಿ. ಆಸ್ಪತ್ರೆ ಫೈಲನ್ನೂ ಒಯ್ಯಿರಿ, ಮುಚ್ಚಿಡಬೇಡಿ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಆಟೋ ಮೇಲು. ಬೆಳಗಿನ ಅಪಾಯಿಂಟ್‌ಮೆಂಟ್ ಕೇಳಿ. ನಿಮ್ಮನ್ನು ಹೊರಗೆ ಕಳಿಸುತ್ತಾರೆ, ಓದೋಕೆ ಏನಾದರೂ ಒಯ್ಯಿರಿ, ಆ ರೂಮಿನಲ್ಲಿ ಫೋನ್ ಸಿಗ್ನಲ್ ಬರಲ್ಲ.